ರೋಗ ಎಲ್ಲಿ ಹತ್ತಿತು? ರಸೀದಿ ತೋರಿಸಪ್ಪಾ!

ಬೆಳಿಗ್ಗೆ ಹರಿಹರದಿಂದ ದಾವಣಗೆರೆಗೆ ಕೆಲಸಕ್ಕೆ ಬರುವವನ ಬಸ್ಸು ಮಗುಚಿ ಅವನ ಕಾಲು ಮುರಿದರೆ ಅದಕ್ಕೆ ಕಾನೂನಿದೆ. ಮನೆಯಿಂದ ಕೆಲಸಕ್ಕೆ ಹೋಗುವ, ಕೆಲಸ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಆದ ಅಪಘಾತವನ್ನೂ, ಕೆಲಸಕ್ಕೂ ಅದಕ್ಕೂ ಸಂಬಂಧ ಕಂಡುಬಂದರೆ, ಕೆಲಸದ ಮೇಲೆ ಆದದ್ದೆಂದೇ ಎಣಿಸಬೇಕು ಅಂತ ಇ.ಎಸ್.ಐ. ಕಾಯಿದೆಗೆ 2010ರಲ್ಲಿ ಸೇರಿಸಿದರು. ಒಳ್ಳೆಯದೇ. ಆದರೆ ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನವನು ಕೆಮ್ಮಿ, ಆ ಕೆಮ್ಮಿನಿಂದ ರೋಗ ಹತ್ತಿ, ಇವನು ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿದರೆ? ಅದು ಅಪಘಾತ ಅಲ್ಲ. ಅದು ಬರೀ ಕಾಯಿಲೆ.

ಇದೇನು ವಕೀಲರ ಮಾತಿನ ಚಮತ್ಕಾರ ಅಂತ ತಳ್ಳಿಹಾಕಬೇಡಿ ಸ್ವಾಮಿ. ‘ಕಾಯಿಲೆ’ ಮತ್ತು ‘ಕೆಲಸದಿಂದಾದ ಗಾಯ’ ಅನ್ನುವ ಈ ಎರಡು ಮಾತುಗಳ ನಡುವೆ ಒಂದು ಸಂಸಾರ ನಿಲ್ಲುತ್ತದೆ, ಇಲ್ಲವೇ ಬೀದಿಗೆ ಬೀಳುತ್ತದೆ. ಕೊರೋನಾ ಕಾಲದಲ್ಲಿ ಇದು ನಡೆದಿದೆ. ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬ ಅಂತ ಇಟ್ಟುಕೊಳ್ಳಿ. ವಯಸ್ಸು 40. ತಿಂಗಳ ಸಂಬಳ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಒಬ್ಬ ಮಗ. ಪುಣ್ಯಕ್ಕೆ ಬಸ್ಸಿನ ಮಾಲೀಕ ಇ.ಎಸ್.ಐ. ಕಟ್ಟುತ್ತಿದ್ದಾನೆ. 2020ರಲ್ಲಿ ಈತನಿಗೆ ಕೊರೋನಾ ಬಂತು. ಅದನ್ನು ‘ಕಾಯಿಲೆ’ ಅಂತ ಬರೆದುಕೊಂಡರೆ ರಜೆಯ ದಿನಗಳಿಗೆ ಸಂಬಳದ ನೂರಕ್ಕೆ 70 ಭಾಗ, ಅಂದರೆ ತಿಂಗಳಿಗೆ 10,500ರ ಲೆಕ್ಕದಲ್ಲಿ, ವರ್ಷದಲ್ಲಿ ಹೆಚ್ಚೆಂದರೆ 91 ದಿನ ಸಿಗುತ್ತದೆ. ಸತ್ತರೆ ಅಂತ್ಯಕ್ರಿಯೆಗೆ 15,000 ರೂಪಾಯಿ. ಅಲ್ಲಿಗೆ ಖಾತೆ ಬಂದ್.

ಅದೇ ಕೊರೋನಾವನ್ನು ‘ಕೆಲಸದಿಂದಾದ ಗಾಯ’ ಅಂತ ಬರೆದುಕೊಂಡರೆ ನೂರಕ್ಕೆ 90. ತಿಂಗಳಿಗೆ 13,500. ಗುಣವಾಗುವ ತನಕ, 91 ದಿನದ ಗೆರೆ ಇಲ್ಲ. ಸತ್ತರೆ ಅದೇ 13,500 ಹೆಂಡತಿಗೂ ಮಗನಿಗೂ ಪಾಲಾಗಿ ತಿಂಗಳು ತಿಂಗಳು ಬರುತ್ತದೆ. ಒಂದು ಕಡೆ ಒಂದೇ ಸಲ 15,000, ಇನ್ನೊಂದು ಕಡೆ ಪ್ರತಿ ತಿಂಗಳು 13,500. ರೋಗ ಒಂದೇ, ಹೆಣ ಒಂದೇ, ಕಟ್ಟಿದ ವಂತಿಗೆಯೂ ಒಂದೇ. ಬೇರೆಯಾದದ್ದು ಅರ್ಜಿಯ ಮೇಲಿನ ಒಂದು ಶಬ್ದ.

ಹಾಗಾದರೆ ಆ ಶಬ್ದವನ್ನು ಯಾರು, ಯಾವ ಆಧಾರದ ಮೇಲೆ ಬರೆಯುತ್ತಾರೆ? ಗಂಟು ಇರುವುದು ಇಲ್ಲೇ.

ಪಟ್ಟಿಯ ಮೊದಲ ಸಾಲು

ನಮ್ಮಲ್ಲಿ ಕಾರ್ಮಿಕರ ನಷ್ಟ ಪರಿಹಾರದ ಕಾಯಿದೆ ಆದದ್ದು 1923ರಲ್ಲಿ. ಇಪ್ಪತ್ತೈದು ವರ್ಷದ ನಂತರ, 1948ರಲ್ಲಿ, ಇ.ಎಸ್.ಐ. ಕಾಯಿದೆ. ಎರಡರ ಹಿಂದೆಯೂ ‘ಕಸುಬಿನ ರೋಗಗಳು’ ಅಂತ ಒಂದು ಪಟ್ಟಿ. ಸೀಸದ ಕೆಲಸದವನಿಗೆ ಸೀಸದ ವಿಷ, ಹತ್ತಿಯ ಧೂಳಿನಲ್ಲಿ ದುಡಿದವನಿಗೆ ಶ್ವಾಸಕೋಶದ ರೋಗ, ಹೀಗೆ. ನಮ್ಮ ಹತ್ತಿ ಗಿರಣಿಗಳ ಹಳೇ ಕಾರ್ಮಿಕರಿಗೆ ಈ ಪಟ್ಟಿ ಹೊಸದಲ್ಲ.

ಪಟ್ಟಿಯ ಮೊದಲ ಸಾಲಿನಲ್ಲೇ ಅಂಟುರೋಗ ಇದೆ! ಯಾರಿಗೆ? ಆಸ್ಪತ್ರೆ, ಪ್ರಯೋಗಶಾಲೆಯಲ್ಲಿ ರೋಗದ ಸಂಪರ್ಕಕ್ಕೆ ಬರುವವರಿಗೆ, ದನದ ಆಸ್ಪತ್ರೆಯವರಿಗೆ, ಪ್ರಾಣಿಗಳ ನಡುವೆ ಕೆಲಸ ಮಾಡುವವರಿಗೆ. ಕೊನೆಗೆ ಒಂದು ಬಾಲ: ‘ಸೋಂಕಿನ ವಿಶೇಷ ಅಪಾಯ ಇರುವ ಇತರ ಕೆಲಸ’. ಈ ಪಟ್ಟಿಯೊಳಗೆ ಬಂದವನ ಕಡೆಗೆ ಕಾನೂನು ಒಂದು ಸಲ ಬಾಗುತ್ತದೆ. ಅವನಿಗೆ ಆ ರೋಗ ಬಂದರೆ ಕೆಲಸದಿಂದಲೇ ಬಂದದ್ದೆಂದು ಹಿಡಿಯಬೇಕು. ಅಲ್ಲ ಅನ್ನುವವರು ಅದನ್ನು ಸಾಬೀತು ಮಾಡಲಿ. ಆಸ್ಪತ್ರೆಯ ಆಯಾಗೆ ಈ ಬಾಗಿಲು ತೆರೆದಿದೆ.

ಕಂಡಕ್ಟರ್‌ಗೆ? ಐವತ್ತು ಸೀಟಿನ ಬಸ್ಸಿನಲ್ಲಿ ಎಪ್ಪತ್ತು ಜನರ ಮಧ್ಯೆ ನುಗ್ಗಿ, ಅವರ ಕೈಯಿಂದ ನೋಟು ಇಸಿದುಕೊಂಡು, ಚಿಲ್ಲರೆಗೆ ಜಗಳ ಆಡಿಕೊಂಡು ದಿನಕ್ಕೆ ಎಂಟು ಟ್ರಿಪ್ ಹೊಡೆಯುವವನ ಕೆಲಸದಲ್ಲಿ ‘ವಿಶೇಷ ಅಪಾಯ’ ಉಂಟೋ ಇಲ್ಲವೋ? ಔಷಧಿ ಅಂಗಡಿಯ ಹುಡುಗ, ಮಂಡಿಪೇಟೆಯ ಹಮಾಲಿ, ಲಾಕ್‌ಡೌನಿನಲ್ಲೂ ಬೀದಿ ಗುಡಿಸಿದ ಪೌರಕಾರ್ಮಿಕ, ಇವರ ಕೆಲಸದಲ್ಲಿ? ಪಟ್ಟಿ ಹೇಳುವುದಿಲ್ಲ. ಒಬ್ಬೊಬ್ಬರೇ ಹೋಗಿ ವಾದ ಮಾಡಿ ಗೆಲ್ಲಬೇಕು. ಪಟ್ಟಿಯ ಹೊರಗೆ ಬಿದ್ದವನಿಗಂತೂ 1923ರ ಕಾಯಿದೆ ನೇರವಾಗಿಯೇ ಹೇಳಿತ್ತು: ಕೆಲಸದ ಮೇಲೆ ಆದ ಯಾವುದಾದರೂ ಒಂದು ನಿರ್ದಿಷ್ಟ ಅಪಘಾತದ ಗಾಯದಿಂದಲೇ ರೋಗ ಬಂತು ಅಂತ ತೋರಿಸದೆ ರೋಗಕ್ಕೆ ಪರಿಹಾರ ಇಲ್ಲ.

ಈಗ ಹೇಳಿ. ಕಣ್ಣಿಗೆ ಕಾಣದ ವೈರಸ್ಸು ಸೋಮವಾರದ ಮೂರನೇ ಟ್ರಿಪ್ಪಿನಲ್ಲಿ ಹತ್ತಿತೋ, ಭಾನುವಾರ ನೆಂಟರ ಮನೆಯಲ್ಲಿ ಹತ್ತಿತೋ, ಅದಕ್ಕೆ ರಸೀದಿ ಕೊಡುವವರು ಯಾರು? ಉತ್ತರವೇ ಇಲ್ಲದ ಪ್ರಶ್ನೆಯನ್ನು ಗಂಡ ಸತ್ತು ಕೂತ ಹೆಣ್ಣುಮಗಳ ಮುಂದೆ ಇಡುವುದು ನ್ಯಾಯ ಅನ್ನಿಸಿಕೊಳ್ಳುವುದಿಲ್ಲ.

ಐವತ್ತು ಲಕ್ಷ, ಮೂವತ್ತು ಲಕ್ಷ, ಸೊನ್ನೆ

ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ ಅಂತೇನೂ ಅಲ್ಲ. ಲಾಕ್‌ಡೌನ್ ಶುರುವಾಗಿ ವಾರ ತುಂಬುವುದರೊಳಗೆ, 2020ರ ಮಾರ್ಚ್ 30ರಿಂದಲೇ, ಕೊರೋನಾ ಕೆಲಸದ ಆರೋಗ್ಯ ಸಿಬ್ಬಂದಿಗೆ ಕೇಂದ್ರ ಸರ್ಕಾರ 50 ಲಕ್ಷ ರೂಪಾಯಿಯ ವಿಮೆ ಮಾಡಿಸಿತು. ಆಶಾ ಕಾರ್ಯಕರ್ತೆಯರೂ, ಗುತ್ತಿಗೆಯವರೂ ಅದರಲ್ಲಿ ಸೇರಿದ್ದರು. ಆ ವಿಮೆಯ ಹೆಸರೇನು ಗೊತ್ತೇ? ವೈಯಕ್ತಿಕ ಅಪಘಾತ ವಿಮೆ! ಅಂದರೆ ಮನಸ್ಸು ಮಾಡಿದರೆ ಕೊರೋನಾ ಸಾವನ್ನು ಅಪಘಾತದ ಪಾಲಿಸಿಯೊಳಗೆ ಸೇರಿಸಲು ಸರ್ಕಾರಕ್ಕೂ ಬರುತ್ತದೆ.

ಇತ್ತ ನಮ್ಮ ರಾಜ್ಯದಲ್ಲಿ, ಕೆಲಸದ ಮೇಲಿದ್ದಾಗ ಸೋಂಕು ತಗಲಿ ಸತ್ತ ಸಾರಿಗೆ ನಿಗಮದ ಸಿಬ್ಬಂದಿಯ ಕುಟುಂಬಕ್ಕೆ 30 ಲಕ್ಷ ಅಂತ ಘೋಷಣೆಯಾಯಿತು. ಅಲ್ಲೂ ಆ ‘ಕೆಲಸದ ಮೇಲಿದ್ದಾಗ’ ಅನ್ನುವ ಮುಳ್ಳು ಇತ್ತು ಅನ್ನುವುದನ್ನು ಮರೆಯಬೇಡಿ. ಇರಲಿ. ಅದೇ ಪಿ.ಬಿ. ರಸ್ತೆಯಲ್ಲಿ ಕೆಂಪು ಬಸ್ಸಿನ ಹಿಂದೆಯೇ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್‌ಗೆ ಈ ಎರಡರಲ್ಲಿ ಒಂದೂ ಇಲ್ಲ. ವೈರಸ್ಸು ಹತ್ತುವಾಗ ಬಸ್ಸಿನ ಬಣ್ಣ ನೋಡಿತ್ತೇ?

ಇ.ಎಸ್.ಐ. ನಿಗಮ ಕಣ್ಣು ತೆರೆದದ್ದು 2021ರ ಜೂನ್‌ನಲ್ಲಿ, ಎರಡನೇ ಅಲೆ ಮನೆಮನೆಯನ್ನು ಗುಡಿಸಿಕೊಂಡು ಹೋದ ಮೇಲೆ. ಕೊರೋನಾದಿಂದ ಸತ್ತ ವಿಮಾದಾರನ ಅವಲಂಬಿತರಿಗೆ ಸಂಬಳದ ನೂರಕ್ಕೆ 90 ಭಾಗ, ಕನಿಷ್ಠ ತಿಂಗಳಿಗೆ 1,800 ರೂಪಾಯಿ. ಜೀವಂತ ಉಳಿದ ಗಂಡ ಅಥವಾ ಹೆಂಡತಿಗೆ ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ವೈದ್ಯಕೀಯ ಸೌಲಭ್ಯ. 2020ರ ಮಾರ್ಚ್ 24ರಿಂದಲೇ ಪೂರ್ವಾನ್ವಯ. ಒಳ್ಳೆಯ ಯೋಜನೆ, ಒಪ್ಪಲೇಬೇಕು. ಎಲ್ಲಿ ಹತ್ತಿತು ಅಂತ ಕೇಳುವುದನ್ನೇ ಬಿಟ್ಟರು. ರೋಗ ಇತ್ತು, ಸತ್ತ, ಅಷ್ಟು ಸಾಕು ಅಂದರು. ಆದರೆ ಮಾರ್ಚ್ 2020ರಿಂದ ಜೂನ್ 2021ರ ತನಕ, ಹದಿನಾಲ್ಕು ತಿಂಗಳು, ಆ ಮನೆಗಳಲ್ಲಿ ಒಲೆ ಹೇಗೆ ಹೊತ್ತಿತು?

ಷರತ್ತುಗಳೂ ಇದ್ದವು. ರೋಗ ಪತ್ತೆಯಾಗುವುದಕ್ಕೆ ಮೂರು ತಿಂಗಳು ಮೊದಲೇ ಹೆಸರು ನೋಂದಣಿಯಾಗಿರಬೇಕು. ಹಿಂದಿನ ಒಂದು ವರ್ಷದಲ್ಲಿ ಕನಿಷ್ಠ 70 ದಿನದ ವಂತಿಗೆ ಇರಬೇಕು. ಕಾರ್ಖಾನೆಗಳೇ ಬೀಗ ಹಾಕಿಕೊಂಡಿದ್ದ ವರ್ಷ ಅದು! ಜೊತೆಗೆ, 2017ರ ಜನವರಿಯಲ್ಲಿ 21,000ಕ್ಕೆ ನಿಲ್ಲಿಸಿದ ಸಂಬಳದ ಮಿತಿಯೇ ಆಗಲೂ ನಡೆಯುತ್ತಿತ್ತು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಪಡೆಯುವವನು ಇ.ಎಸ್.ಐ.ಗೇ ಬರುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ, ಅದು ಕಾಲಮಿತಿಯ ಯೋಜನೆ. ಎರಡು ವರ್ಷಕ್ಕೆ ಅಂತ ಮಾಡಿದ್ದು. ಮೂಲ ಪಟ್ಟಿಯ ಒಂದು ಅಕ್ಷರವೂ ಅದರಿಂದ ಬದಲಾಗಲಿಲ್ಲ.

ಇನ್ನು ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದಿಂದ 2021ರಲ್ಲಿ ಬಂದ 50,000 ರೂಪಾಯಿಯ ಪರಿಹಾರ ನೋಡಿ. ಪರೀಕ್ಷೆಯಲ್ಲಿ ಸೋಂಕು ಗೊತ್ತಾಗಿ 30 ದಿನದೊಳಗೆ ಸತ್ತರೆ ಅದು ಕೊರೋನಾ ಸಾವು, ಆಸ್ಪತ್ರೆಯ ಹೊರಗೆ ಸತ್ತರೂ ಸರಿ ಅಂತ ಗೆರೆ ಎಳೆದರು. ಸಣ್ಣ ಮೊತ್ತ ಕೊಡುವಾಗ ಪ್ರಶ್ನೆ ಸುಲಭ, ದೊಡ್ಡ ಮೊತ್ತ ಕೊಡುವಾಗ ಪ್ರಶ್ನೆ ಕಠಿಣ! ಇದು ನಮ್ಮ ಆಡಳಿತದ ಹಳೇ ಚಾಳಿ.

ಹಾಸಿಗೆಯ ಕಥೆ

ಔಷಧೋಪಚಾರದ ಮಾತಿಗೆ ಬರೋಣ. ಇ.ಎಸ್.ಐ. ಒಳಗಿರುವವನಿಗೂ ಅವನ ಮನೆಯವರಿಗೂ ಚಿಕಿತ್ಸೆಯ ಖರ್ಚಿಗೆ ಮೇಲ್ಮಿತಿ ಇಲ್ಲ. ಇದು ಸಾಮಾನ್ಯದ ಮಾತಲ್ಲ. 2020ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರವೇ ಖಾಸಗಿ ಆಸ್ಪತ್ರೆಗಳಿಗೆ ದರ ಕಟ್ಟಿತಲ್ಲ, ಕೈಯಿಂದ ಹಣ ಕೊಡುವ ಕೊರೋನಾ ರೋಗಿಗೆ ಸಾಮಾನ್ಯ ವಾರ್ಡು ದಿನಕ್ಕೆ 10,000, ಐ.ಸಿ.ಯು. 15,000, ವೆಂಟಿಲೇಟರ್ ಹಾಕಿದರೆ 25,000. ನಮ್ಮ ಕಂಡಕ್ಟರನ ಒಂದು ತಿಂಗಳ ಸಂಬಳ ಐ.ಸಿ.ಯು.ವಿನಲ್ಲಿ ಒಂದು ಹಗಲು ಒಂದು ರಾತ್ರಿ. ಹತ್ತು ದಿನ ಮಲಗಿದರೆ ಊರ ಕಡೆ ಇರುವ ಎರಡು ಎಕರೆಯನ್ನು ಮರೆತುಬಿಡಬೇಕು.

ಆದರೆ ಹಕ್ಕು ಇದ್ದ ಮಾತ್ರಕ್ಕೆ ಹಾಸಿಗೆ ಇರಬೇಕಲ್ಲ? ಆಗ ದೇಶದಲ್ಲಿ ಇ.ಎಸ್.ಐ. ನಿಗಮದ 21 ಆಸ್ಪತ್ರೆಗಳು 3,676 ಹಾಸಿಗೆಗಳ ಸಮೇತ ಕೊರೋನಾ ಆಸ್ಪತ್ರೆಗಳಾದವು. ರಾಜ್ಯ ಸರ್ಕಾರಗಳು ನಡೆಸುವ ಇ.ಎಸ್.ಐ. ಆಸ್ಪತ್ರೆಗಳು ಇದಕ್ಕೆ ಬೇರೆ. ದೇಶದ ಮೊದಲ ಕೊರೋನಾ ಸಾವು ಕಂಡ ಕಲಬುರಗಿಯಲ್ಲೂ ಶಂಕಿತರನ್ನು ಇರಿಸಲು ಇ.ಎಸ್.ಐ. ಆಸ್ಪತ್ರೆಯೇ ಬೇಕಾಯಿತು. ಕಾರ್ಮಿಕರ ವಂತಿಗೆಯಿಂದ ಎದ್ದ ಆಸ್ಪತ್ರೆ ಊರಿಗೆಲ್ಲಾ ಆಸರೆಯಾಯಿತು ಅಂದರೆ ಹೆಮ್ಮೆಯೇ. ಹೊಟ್ಟೆಕಿಚ್ಚು ಪಡುವ ವಿಷಯ ಅಲ್ಲ.

ಆದರೆ ಅದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಬರುತ್ತಿದ್ದವನು, ಹೆರಿಗೆಗೆ ದಿನ ಎಣಿಸುತ್ತಿದ್ದವಳು, ತಿಂಗಳಿಗೊಮ್ಮೆ ಬಿ.ಪಿ. ಮಾತ್ರೆ ಒಯ್ಯುತ್ತಿದ್ದವನು ಎಲ್ಲಿಗೆ ಹೋಗಬೇಕು? ಅವರನ್ನು ಒಪ್ಪಂದವಿರುವ ಖಾಸಗಿ ಆಸ್ಪತ್ರೆಗೆ ಕಳಿಸಿ ಅಂತ ಅಪ್ಪಣೆಯಾಯಿತು. ಮಾತ್ರೆಯನ್ನು ಹೊರಗಿನ ಅಂಗಡಿಯಲ್ಲಿ ಕೊಂಡು ಬಿಲ್ಲು ಕೊಟ್ಟರೆ ಹಣ ವಾಪಸ್ ಅಂದರು. ಎರಡನೇ ಅಲೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚೀಟಿ ಇಲ್ಲದೆ ನೇರವಾಗಿ ಒಪ್ಪಂದದ ಆಸ್ಪತ್ರೆಗೆ ಸೇರಬಹುದು, ಬೇರೆ ಖಾಸಗಿ ಆಸ್ಪತ್ರೆಗೆ ಹೋದರೂ ಖರ್ಚು ಕೇಳಬಹುದು, ಪ್ರತಿ ಇ.ಎಸ್.ಐ.ಸಿ. ಆಸ್ಪತ್ರೆಯಲ್ಲಿ ನೂರಕ್ಕೆ 20 ಹಾಸಿಗೆಯನ್ನು ವಿಮಾದಾರರಿಗೂ ಸಿಬ್ಬಂದಿಗೂ ಕೊರೋನಾಕ್ಕೆ ಮೀಸಲಿಡಬೇಕು ಅಂದರು. ಕಾಗದದ ಮೇಲೆ ಬೆರಳಿಟ್ಟು ದೂರುವ ಹಾಗಿಲ್ಲ. ತೊಂದರೆ ಇರುವುದು ‘ಮೊದಲು ನೀನು ಕೊಡು, ಆಮೇಲೆ ನಾವು ಕೊಡುತ್ತೇವೆ’ ಅನ್ನುವ ಕಡೆ. ಮೊದಲು ಕೊಡುವುದಕ್ಕೆ ಕಾಸಿದ್ದವನು ಇ.ಎಸ್.ಐ.ಗೆ ಯಾಕೆ ಬರುತ್ತಿದ್ದ ಸ್ವಾಮಿ? ದೆಹಲಿಯಲ್ಲಿ ಅಪ್ಪಣೆ ಹೊರಡುವುದೇ ಒಂದು, ನಮ್ಮೂರ ಕೌಂಟರಿನ ಗುಮಾಸ್ತನಿಗೆ ಅದು ಮುಟ್ಟುವುದೇ ಇನ್ನೊಂದು.

ಗಲ್ಲಾದಲ್ಲಿ ಕೂತವನ ಲೆಕ್ಕ

ಇದೆಲ್ಲ ಆಗದ ಹೋಗದ ಮಾತು, ಕೋಟಿಗಟ್ಟಲೆ ಜನಕ್ಕೆ ಹಂಚುತ್ತಾ ಕೂತರೆ ಖಜಾನೆ ಉಳಿಯುತ್ತದೆಯೇ ಅಂತ ಕೆಲವರು ಕೇಳುತ್ತಾರೆ. ಅವರಿಗೆ ಇಟಲಿಯನ್ನು ತೋರಿಸಬೇಕು. 2020ರ ಮಾರ್ಚ್‌ನಲ್ಲಿ ಲಾರಿಗಳಲ್ಲಿ ಶವಪೆಟ್ಟಿಗೆ ಸಾಗಿಸಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದು ಅದೇ ಇಟಲಿಯದು. ಹೆಣ ಹೊರುತ್ತಿದ್ದ ಆ ತಿಂಗಳಲ್ಲೇ, ಮಾರ್ಚ್ 17ರಂದು, ಕೆಲಸದಲ್ಲಿ ಹತ್ತಿದ ಕೊರೋನಾ ಕೆಲಸದ ಅಪಘಾತವೇ ಅಂತ ಅಲ್ಲಿ ಸುಗ್ರೀವಾಜ್ಞೆ ಮಾಡಿದರು. ಏಪ್ರಿಲ್ ಮೊದಲ ವಾರ ಅಲ್ಲಿನ ಕಾರ್ಮಿಕ ವಿಮಾ ಸಂಸ್ಥೆ ಸುತ್ತೋಲೆ ಕಳಿಸಿತು. ಅದರಲ್ಲಿ ಡಾಕ್ಟರು ನರ್ಸುಗಳ ಜೊತೆಗೆ ಯಾರ ಹೆಸರಿತ್ತು ಗೊತ್ತೇ? ಕ್ಯಾಷ್ ಕೌಂಟರಿನಲ್ಲಿ ಕೂತವರು, ಅಂಗಡಿಯಲ್ಲಿ ಮಾರಾಟ ಮಾಡುವವರು, ಆಸ್ಪತ್ರೆಯ ನೆಲ ಒರೆಸುವವರು. ಇವರಿಗೆ ರೋಗ ಬಂದರೆ ಕೆಲಸದಿಂದಲೇ ಬಂತೆಂದು ಮೊದಲು ಹಿಡಿಯಿರಿ ಅಂತ ಸೂಚನೆ. ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ ಅಂದರು. ಬಸ್ಸಿನಲ್ಲಿ ನಿಂತು ಈ ಪೇಪರ್ ಓದುತ್ತಿರುವವರು ಆ ಮಾತನ್ನು ಇನ್ನೊಂದು ಸಲ ಓದಿಕೊಳ್ಳಿ.

ಅಂಗಡಿ ಸಾಹುಕಾರರು ಗಾಬರಿಯಾಗುವುದು ಬೇಡ. ಹೀಗೆ ಕೊಟ್ಟ ಪರಿಹಾರವನ್ನು ನೆಪ ಮಾಡಿಕೊಂಡು ಆ ಮಾಲೀಕನ ವಿಮಾ ಕಂತು ಏರಿಸಬಾರದು ಅಂತ ಅದೇ ಆಜ್ಞೆಯಲ್ಲಿ ಬರೆದಿದ್ದರು. ಭಾರ ಎಲ್ಲರ ವಿಮಾ ನಿಧಿಯ ಮೇಲೆ, ಒಬ್ಬ ಅಂಗಡಿಯವನ ತಲೆಯ ಮೇಲೆ ಅಲ್ಲ.

ನಮ್ಮಲ್ಲಿ ಆ ಭಾರ ಎಲ್ಲಿ ಬೀಳುತ್ತದೆ ಅನ್ನುವುದನ್ನು ಸಾಹುಕಾರರು ಕೂಡ ತಿಳಿದಿರಬೇಕು. ಇ.ಎಸ್.ಐ. ಹೊರಗಿರುವ ಕಾರ್ಮಿಕನಿಗೆ ಪರಿಹಾರ ಕೊಡಬೇಕಾದವನು ಮಾಲೀಕನೇ. ಇ.ಎಸ್.ಐ. ಇಲ್ಲದ ಬಸ್ಸಿನಲ್ಲಿ ಆ ನಲವತ್ತು ವರ್ಷದ ಕಂಡಕ್ಟರ್ ಸತ್ತು, ಅದು ಕೆಲಸದಿಂದಲೇ ಅಂತ ತೀರ್ಮಾನವಾದರೆ 1923ರ ಕಾಯಿದೆಯ ಲೆಕ್ಕ ಹೀಗೆ: ಸಂಬಳದ ಅರ್ಧ 7,500, ಅದನ್ನು ಆ ವಯಸ್ಸಿಗೆ ಕೊಟ್ಟಿರುವ 184.17ರಿಂದ ಗುಣಿಸಿ. 13,81,275 ರೂಪಾಯಿ. ಬದುಕಿ ಉಳಿದರೆ ಆಸ್ಪತ್ರೆಯ ಪೂರ್ತಿ ಬಿಲ್ಲು. ಸಾಬೀತಾಗದಿದ್ದರೆ ಸೊನ್ನೆ. ಒಂದೋ ಮಾಲೀಕ ಮುಳುಗಬೇಕು, ಇಲ್ಲಾ ಕಾರ್ಮಿಕನ ಮನೆ ಮುಳುಗಬೇಕು. ಮಧ್ಯದ ದಾರಿಯೇ ಇಲ್ಲ. ಹಾಗಿರುವಾಗ ‘ನಮ್ಮಲ್ಲಿ ಹತ್ತಿದ್ದಲ್ಲ’ ಅಂತ ಮಾಲೀಕ ಕೈ ತೊಳೆದುಕೊಂಡರೆ ಅವನೊಬ್ಬನನ್ನೇ ಬೈದು ಏನು ಬಂತು?

ಇದಕ್ಕೆ ಹೋಲಿಸಿದರೆ ಇ.ಎಸ್.ಐ. ದುಬಾರಿಯೇ? 2019ರ ಜುಲೈನಿಂದ ಇಳಿಸಿದ ದರದಂತೆ ಮಾಲೀಕನದು ನೂರಕ್ಕೆ 3.25, ಕಾರ್ಮಿಕನದು 0.75. ತಿಂಗಳಿಗೆ 12,000 ಪಡೆಯುವ ಹುಡುಗನಿಗೆ ಸಾಹುಕಾರ 390 ರೂಪಾಯಿ, ಹುಡುಗ 90 ರೂಪಾಯಿ. ಚೌಕಿಪೇಟೆಯ ಅಂಗಡಿಗೆ ದಿನಾ ಬರುವ ಚಹಾದ ಲೆಕ್ಕ ಇದಕ್ಕಿಂತ ಹೆಚ್ಚು. ಆದರೂ ಅಂಗಡಿಯಲ್ಲಿ ಹದಿನಾಲ್ಕು ಜನ ಓಡಾಡುತ್ತಿದ್ದರೆ ಹಾಜರಿ ಪುಸ್ತಕದಲ್ಲಿ ಮಾತ್ರ ಒಂಬತ್ತೇ ಹೆಸರು! ಉಳಿದ ಐದು ಜನ ಊಟಕ್ಕೆ ಬಂದ ನೆಂಟರೇನೋ. ಇ.ಎಸ್.ಐ. ಆಸ್ಪತ್ರೆಯಲ್ಲಿ ಡಾಕ್ಟರು ಸಿಗುವುದಿಲ್ಲ, ದುಡ್ಡು ಯಾಕೆ ದಂಡ ಮಾಡಬೇಕು ಅಂತ ಸಾಹುಕಾರರೂ ಕೇಳುತ್ತಾರೆ, ಕಾರ್ಮಿಕರೂ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಹೆಸರೇ ಇಲ್ಲದವನು ಡಾಕ್ಟರು ಬೇಕು ಅಂತ ಗದರಿಸುವುದಾದರೂ ಯಾವ ಬಾಯಿಂದ?

ಈಗ ಕಾಯಿದೆಗಳೇ ಬದಲಾಗಿವೆ. 1923ರದ್ದೂ 1948ರದ್ದೂ ಸೇರಿ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಹೋದವು. ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹತ್ತು ಜನ ಇರುವ ಸಂಸ್ಥೆಗೆ ಇ.ಎಸ್.ಐ. ಅನ್ವಯ. ಹತ್ತಕ್ಕಿಂತ ಕಡಿಮೆ ಇದ್ದರೂ ಮಾಲೀಕ ಮತ್ತು ಹೆಚ್ಚಿನ ಕಾರ್ಮಿಕರು ಒಪ್ಪಿದರೆ ಸೇರಬಹುದು. ಬಸ್ಸಿನ ದಾರಿಯ ಅಪಘಾತ ಇ.ಎಸ್.ಐ. ಇಲ್ಲದವನಿಗೂ ಸಿಗುವ ಹಾಗೆ ಮಾಡಿದ್ದಾರೆ. ಇವೆಲ್ಲ ಸ್ವಾಗತವೇ. ಆದರೆ ಈ ಸಂಹಿತೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು ಯಾವಾಗ ಅಂತ ನೆನಪಿದೆಯೇ? 2020ರ ಸೆಪ್ಟೆಂಬರ್. ಕೊರೋನಾ ತಾರಕದಲ್ಲಿತ್ತು, ಸದಸ್ಯರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ದೂರ ದೂರ ಕೂತಿದ್ದರು. ಅಂಥ ಹೊತ್ತಿನಲ್ಲಿ ಕಸುಬಿನ ರೋಗಗಳ ಪಟ್ಟಿ ಅವರ ಕೈಗೆ ಬಂತು. ಅಂಟುರೋಗದ ಸಾಲು ಹಳೇ ಕಾಯಿದೆಯಲ್ಲಿ ಹೇಗಿತ್ತೋ ಹೊಸದರಲ್ಲೂ ಹಾಗೆಯೇ ಕೂತಿತು. ಕಂಡಕ್ಟರ್ ಇಲ್ಲ, ಅಂಗಡಿ ಹುಡುಗ ಇಲ್ಲ, ಪೌರಕಾರ್ಮಿಕ ಇಲ್ಲ. ಮಾಸ್ಕ್ ಹಾಕಿಕೊಂಡೇ ಮರೆತರು!

ಹಳೇ ಕಾಯಿದೆಯಲ್ಲಿ ಮೂರು ತಿಂಗಳ ನೋಟೀಸು ಕೊಟ್ಟು ಈ ಪಟ್ಟಿಗೆ ಹೊಸ ಕೆಲಸಗಳನ್ನು ಸೇರಿಸುವ ಅಧಿಕಾರ ಕೇಂದ್ರಕ್ಕೂ ಇತ್ತು, ರಾಜ್ಯಕ್ಕೂ ಇತ್ತು. ಲಾಕ್‌ಡೌನಿನ ಮೊದಲ ವಾರ ನೋಟೀಸು ಹೊರಡಿಸಿದ್ದರೆ ಜೂನ್ ಕೊನೆಗೆ ಕೆಲಸ ಮುಗಿಯುತ್ತಿತ್ತು. ಕಾರ್ಮಿಕ ಸಂಘಗಳು ಈಗ ಹಿಡಿಯಬೇಕಾದದ್ದು ಈ ಒಂದು ಸಾಲನ್ನು. ಸಾಂಕ್ರಾಮಿಕ ಘೋಷಣೆಯಾದ ದಿನಗಳಲ್ಲಿ ಜನರ ಮುಂದೆ ನಿಂತು ಮಾಡುವ ಇಂತಿಂಥ ಕೆಲಸಗಳು ‘ವಿಶೇಷ ಅಪಾಯ’ದ ಕೆಲಸಗಳು ಅಂತ ಹೆಸರಿಟ್ಟು ಬರೆಯಿರಿ ಎಂದು ಕೇಳಬೇಕು. ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಕಟ್ಟಡ ಬೇಡ.

ಹಾಗೆ ಬರೆದರೂ ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ಹೊಗೆ ಕುಡಿದು ದುಡಿಯುವ ಸಂಸಾರಗಳು, ತಳ್ಳುಗಾಡಿಯವರು, ಮನೆಗೆಲಸದ ಹೆಂಗಸರು ಹೊರಗೇ ಉಳಿಯುತ್ತಾರೆ. ಅಲ್ಲಿ ಮಾಲೀಕ ಯಾರು, ಕಾರ್ಮಿಕ ಯಾರು ಅನ್ನುವುದೇ ತಿಳಿಯದು. ಗಲ್ಲಾದಲ್ಲಿ ಕೂತ ಸಣ್ಣ ಅಂಗಡಿಯವನೂ ಅಷ್ಟೇ. ಅವನಿಗೂ ಅದೇ ಗಿರಾಕಿ ಕೆಮ್ಮಿದ್ದು. ಆ ವಿಷಯಕ್ಕೆ ಇನ್ನೊಂದು ದಿನ ಬರುತ್ತೇನೆ.

ಸದ್ಯಕ್ಕೆ ಇ.ಎಸ್.ಐ. ಇರುವವರು ಒಂದು ಕೆಲಸ ಮಾಡಿ. ಪೆಟ್ಟಿಗೆಯ ತಳದಲ್ಲಿರುವ ಆ ಇ.ಎಸ್.ಐ. ಗುರುತಿನ ಚೀಟಿ ಹೊರಗೆ ತೆಗೆಯಿರಿ. ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯೇ, ಹೆಂಡತಿ ಮಕ್ಕಳ ಹೆಸರು ಸೇರಿದೆಯೇ, ಕಳೆದ ಆರು ತಿಂಗಳ ವಂತಿಗೆ ನಿಜವಾಗಿ ಕಟ್ಟಿದ್ದಾರೆಯೇ ಅಂತ ನೋಡಿಕೊಳ್ಳಿ. ಸಂಬಳದಲ್ಲಿ ಹಿಡಿದ ದುಡ್ಡು ಅಲ್ಲಿ ಕಾಣದಿದ್ದರೆ ಮೊದಲು ಮಾಲೀಕನನ್ನು ಕೇಳಿ, ಆಮೇಲೆ ಇ.ಎಸ್.ಐ. ಶಾಖಾ ಕಚೇರಿಗೆ ಲಿಖಿತ ದೂರು ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ.